ಹಿತ್ತಿಲ ಮಗ್ಗ ಮತ್ತು ಎಂಟನೆಯ ದಿನ

ಪೊಳ್ಳಾಚಿ ಹತ್ತಿರದ ನೆಗಮದಲ್ಲಿ, ಕನ್ನಡದವರಾದ ನಮ್ಮ ನೇಕಾರ ಬೀದಿಗೆ, ಸರ್ಕಾರದ ಅಮ್ಮೆ ಕುತ್ತುವವರು, ಅಂದರೆ ಸಿಡುಬು ಬರದಂತೆ ಮದ್ದು ಹಾಕುವವರು, ಬಂದರೆಂದು ಯಾರೂ ಕೂಗಿ ಹೇಳಬೇಕಾಗಿರಲಿಲ್ಲ. ಬೀದಿಯ ತಲೆಯಿಂದ ಮಗ್ಗಗಳ ಸದ್ದು ಒಂದೊಂದಾಗಿ ನಿಲ್ಲುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಗುತ್ತಿತ್ತು. ನಮ್ಮವು ಕುಳಿ ಮಗ್ಗಗಳು. ನೇಯುವವನು ನೆಲದ ಮಟ್ಟಕ್ಕೆ ಕೂತು, ಕಾಲುಗಳನ್ನು ಗುಂಡಿಗೆ ಇಳಿಬಿಟ್ಟು, ಅದರೊಳಗಿನ ತುಳಿಗೋಲುಗಳನ್ನು ತುಳಿಯುತ್ತಾನೆ. ಸದ್ದು ನಿಂತಿತೆಂದರೆ ಆ ಮನೆಯ ಮಗುವನ್ನು ಗುಂಡಿಗೆ ಇಳಿಸುತ್ತಿದ್ದಾರೆ ಎಂದರ್ಥ. ಮತ್ತೆ ಲಾಳಿ ಓಡಿತೆಂದರೆ ಮಗು ಅಡಗಿತು ಎಂದರ್ಥ.

ಬಿಸಿಲು ಏರತೊಡಗುವ ಆ ಮಾಸಿ ತಿಂಗಳಲ್ಲಿ ನಮ್ಮ ಮಗ್ಗವೂ ನಿಂತು ಮತ್ತೆ ಓಡಿತು. ಮಗಳಿಗೆ ಆಗ ಎರಡೂವರೆ ವರ್ಷ. ಅವಳು ಅಪ್ಪನ ಕಾಲಡಿ ಕೂತಿದ್ದಳು. ಹನ್ನೊಂದು ತಿಂಗಳ ಮಗ ನನ್ನ ಸೆರಗಿನಡಿ ಅಡುಗೆಮನೆಯ ಮೂಲೆಯಲ್ಲಿದ್ದ. ಬಾಗಿಲಲ್ಲಿ ನಿಂತವರು ನನ್ನ ಅತ್ತೆ.

ಅಮ್ಮೆ ಕುತ್ತುವವರು ತೆಳ್ಳಗಿನ ಮನುಷ್ಯ. ಸೈಕಲ್ಲು, ಕೊಡೆ, ಒಂದು ತಗಡಿನ ಪೆಟ್ಟಿಗೆ. ಅತ್ತೆಯನ್ನು ಅಜ್ಜಿಯೆಂದು ಕರೆದು ತಮಿಳಿನಲ್ಲಿ ಕೇಳಿದರು: "ಪಾಟಿ, ಮನೆಯಲ್ಲಿ ಮಕ್ಕಳು?"

"ಇಲ್ಲ ಸಾಮಿ. ಪೊಳ್ಳಾಚಿಗೆ ಹೋಗವೆ."

ಅವರು ಹಗ್ಗದ ಮೇಲೆ ಒಣಗುತ್ತಿದ್ದ ಪುಟ್ಟ ಲಂಗೋಟಿಗಳನ್ನು ನೋಡಿದರು. "ಇವು ಯಾರವು, ತಾತನವೋ?"

"ತಾತ ತೀರಿ ಒಂಬತ್ತು ವರ್ಷ ಆಯ್ತು."

"ಒಣಗೋಕೆ ಬಹಳ ಕಾಲ ಹಿಡಿದಿದೆ," ಎಂದರು ಅವರು. ಸುತ್ತಿನ ಹಳ್ಳಿಗಳನ್ನು ಮುಗಿಸಿ ಮುಂದಿನ ಹುಣ್ಣಿಮೆ ಕಳೆದ ಮೇಲೆ ಮತ್ತೆ ಬರುವುದಾಗಿ ಹೇಳಿ ಸೈಕಲ್ಲು ಹತ್ತಿದರು.

ಒಳಗೆ ನನ್ನ ಗಂಡ ಕಾಲು ಮೇಲಕ್ಕೆತ್ತಿ ಕೂತಿದ್ದರು. "ಇವಳಿಗೆ ಹೆದರಿಕೆ ಆಗಿಬಿಟ್ಟದೆ. ನನ್ನ ಕಾಲಿಗೆ ಬಿಸಿನೀರು ಹುಯ್ದವ್ಳೆ," ಎಂದರು. ನಾವು ನಕ್ಕೆವು. ನಗಬೇಕಾದ ವಿಷಯವಾಗಿರಲಿಲ್ಲ ಅದು, ಆಮೇಲೆ ಗೊತ್ತಾಯಿತು.

ಈ ಅಡಗಿಸುವ ಕೆಲಸಕ್ಕೆ ಕಾರಣ ಹೇಳಬೇಕು. ಮದ್ದು ಹಾಕಿದ ಗಾಯದಲ್ಲಿ ಬೊಕ್ಕೆ ಎದ್ದರೆ ನಮ್ಮವರ ಲೆಕ್ಕಕ್ಕೆ ಸಿಡುಬಿನ ದೇವತೆ ಅಮ್ಮನೇ ಮನೆಗೆ ಬಂದಂತೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಬೇಕು, ಒಗ್ಗರಣೆ ಹಾಕಬಾರದು, ಮಗ್ಗಕ್ಕೆ ಬಟ್ಟೆ ಹೊದಿಸಿ ನಿಲ್ಲಿಸಬೇಕು. ಮನೆಯಿಂದ ಒಂದು ಸೀರೆಯೂ ಹೊರಗೆ ಹೋಗಬಾರದು. ಹೊಪ್ಪಳೆ ಉದುರಿ ತಲೆಗೆ ನೀರು ಹಾಕುವವರೆಗೂ ಹೀಗೆಯೇ. ಸೀರೆ ಗಂಟು ಹೊತ್ತು ಬಸ್ಸಿನಲ್ಲಿ ಪೊಳ್ಳಾಚಿಗೆ ಹೋಗಿ ಮನೆ ಮನೆ ತಿರುಗಿ ಮಾರುತ್ತಿದ್ದವಳು ನಾನು. ಹಿಂದಿನ ವರ್ಷ ದೀಪಾವಳಿಯ ಮುಂಚೆ ಅವರು ಬಂದಾಗ ಮಗಳನ್ನು ಗುಂಡಿಗೆ ಇಳಿಸಿದ್ದು ಅತ್ತೆಯಲ್ಲ, ನಾನು. ಹಬ್ಬದ ಸೀರೆಗಳು ನಿಲ್ಲಬಾರದೆಂದು. ಅತ್ತೆಗೆ ಹೇಳಿದ್ದು ಮಾತ್ರ, "ನೀವು ಅಮ್ಮನಿಗೆ ಹೆದರ್ತೀರಲ್ಲ, ಅದಕ್ಕೇ ಬೇಡ ಅಂದೆ" ಎಂದು.

ಒಂದು ವಾರದ ಮೇಲೆ ಪೊಳ್ಳಾಚಿಯಿಂದ ಹಿಂತಿರುಗುವ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಕೂತಳು. ಪೈಕಾರಾ ಹೊಳೆಯಿಂದ ಕರೆಂಟು ಬಂದು ಸಿಂಗಾನಲ್ಲೂರಿನ ಕಡೆ ಮಿಲ್ಲುಗಳು ಏಳುತ್ತಿದ್ದ ಕಾಲ ಅದು; ಅವಳ ಗಂಡನಿಗೆ ಅಲ್ಲಿಯ ಒಂದು ಮಿಲ್ಲಿನಲ್ಲಿ ಕೆಲಸ. ಯಾಕೆ ಇಷ್ಟು ಬೇಗ ಊರಿಗೆ ಹೊರಟಿದ್ದೀಯ ಎಂದು ಕೇಳಿದೆ. ಅವಳು ಮಿಲ್ಲಿನ ಸಾಲುಮನೆಗಳ ಬಾಗಿಲುಗಳಿಗೆ ಕಟ್ಟಿದ ಬೇವಿನ ಸೊಪ್ಪನ್ನು ಎಣಿಸಿ ಹೇಳಿದಳು. ಅದರಲ್ಲಿ ಎಷ್ಟು ಮನೆಗಳಿಂದ ಮಗುವನ್ನು ಎತ್ತಿಕೊಂಡು ಹೋದರು ಎಂಬುದನ್ನೂ ಹೇಳಿದಳು. ಅವಳ ಮಡಿಲಲ್ಲಿ ಮಗು ಇರಲಿಲ್ಲ.

ಮನೆಗೆ ಬಂದವಳೇ ಅತ್ತೆಯ ಮುಂದೆ ಕೂತೆ. ಇಷ್ಟು ವರ್ಷ ವ್ಯಾಪಾರ ಮಾಡಿದವಳಾಗಿ ಒಂದು ಮಾತು ಹೇಳುತ್ತೇನೆ: ಕೊಳ್ಳುವವರಿಗೆ ನಿಮ್ಮ ಅವಸರ ತಿಳಿಯಬಾರದು. ನಾನು ನೂಲು ಸುತ್ತುತ್ತಾ, ಏನೂ ಆಗದವಳಂತೆ, "ಈ ಸಲ ಅವರು ಬಂದ್ರೆ ಕುತ್ತಿಸಿಬಿಡೋಣವಾ ಅತ್ತೆ?" ಎಂದೆ.

ಅತ್ತೆ ನನಗಿಂತ ಹಳೆಯ ವ್ಯಾಪಾರಿ. ರಾಟೆ ನಿಲ್ಲಿಸದೆಯೇ ಹೇಳಿದರು: "ಕುತ್ತಿಸು. ಆದ್ರೆ ಅಮ್ಮ ಬಂದು ಕೂತ ಮನೆ ಸುದ್ದವಾಗಿರಬೇಕು. ನಿನ್ನ ಮಗ ಹಾಲು ಕುಡಿಯೋ ಕೂಸು, ಅವನದು ಲೆಕ್ಕ ಇಲ್ಲ. ನಿನ್ನ ಮಗಳು ಅಲ್ಲೊಂದು ಇಲ್ಲೊಂದು ಮಾಡ್ಕೊಂಡು ತಿರುಗ್ತಾಳೆ. ಅಮ್ಮ ಸುಮ್ನಿರ್ತಾಳಾ? ಮೊದಲು ಅವಳು ಹಿತ್ತಿಲಿಗೆ ಹೋಗೋದು ಕಲೀಲಿ. ಆಮೇಲೆ ಇಬ್ಬರಿಗೂ ಒಟ್ಟಿಗೆ."

"ಹುಣ್ಣಿಮೆಯೊಳಗೆ ಕಲಿತ್ರೆ?"

"ಕಲಿತ್ರೆ ನಾನೇ ಎತ್ಕೊಂಡು ಹೋಗ್ತೀನಿ ಅಮ್ಮಣಿ."

ಹದಿನೈದು ದಿನ ಮೇಲಿತ್ತು. ಒಳ್ಳೆಯ ಬೆಲೆಗೆ ಕುದುರಿತೆಂದೇ ಅಂದುಕೊಂಡೆ.

ಮೊದಲ ನಾಲ್ಕು ದಿನ ನಾನು ಏನನ್ನೂ ಕಲಿಸಲಿಲ್ಲ, ಬರೀ ನೋಡಿದೆ. ಎಳೆಯ ತಾಯಂದಿರಿಗೆ ನಾನು ಈಗಲೂ ಇದನ್ನೇ ಹೇಳುವುದು: ಮೊದಲು ಮಗುವಿನ ಹೊತ್ತನ್ನು ನೀವು ಕಲಿಯಿರಿ. ಬಾಗಿಲ ಚೌಕಟ್ಟಿಗೆ ಎರಡು ತುಂಡು ನೂಲು ಕಟ್ಟಿದೆ, ಒಂದು ಕೆಂಪು, ಒಂದು ಬಿಳಿ. ಮೂತ್ರ ಮಾಡಿದಾಗ ಬಿಳಿ ನೂಲಿಗೆ ಗಂಟು, ಇನ್ನೊಂದಕ್ಕೆ ಕೆಂಪು ನೂಲಿಗೆ ಗಂಟು. ನಮ್ಮ ಮನೆಯಲ್ಲಿ ಗಡಿಯಾರವಿರಲಿಲ್ಲ. ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತುವುದರಲ್ಲೇ ಹೊತ್ತು ಅಳೆದೆ. ಬೆಳಗಿನ ರಾಗಿ ಗಂಜಿ ಕುಡಿದ ಮೇಲೆ ನಾನು ಆರು ಕಂಡಿಕೆ ಸುತ್ತುವಷ್ಟರಲ್ಲಿ ಕೆಂಪು ಗಂಟು ಬೀಳುತ್ತಿತ್ತು. ನಾಲ್ಕು ದಿನವೂ ಆರೇ.

ಐದನೆಯ ದಿನ ಐದು ಕಂಡಿಕೆ ಸುತ್ತಿದವಳೇ ಅವಳನ್ನು ಹಿತ್ತಿಲಿಗೆ ಎತ್ತಿಕೊಂಡು ಹೋದೆ. ಹರಳು ಗಿಡದ ಮರೆಯಲ್ಲಿ ಎರಡು ಇಟ್ಟಿಗೆ ಇಟ್ಟಿದ್ದೆ. ಕೂರಿಸಿದೆ, 'ಸ್ಸ್' ಎಂದೆ, ತಂಬಿಗೆಯಿಂದ ಸಣ್ಣಗೆ ನೀರು ಬಿಟ್ಟೆ. ಅವಳು ನನ್ನ ಮುಖ ನೋಡುತ್ತಾ ಕೂತಳು. ಇರುವೆ ನೋಡಿದಳು. ನನ್ನ ಮೂಗುತಿ ಹಿಡಿದು ಎಳೆದಳು. ಸೋತು ಒಳಗೆ ಕರೆತಂದು ಕೆಳಗಿಳಿಸಿದೆ. ನೇರ ಓಡಿ ಮಗ್ಗದ ಗುಂಡಿಗೆ ಇಳಿದು, ಅಪ್ಪನ ಕಾಲುಗಳ ನಡುವೆ ಕೂತು ಮುಗಿಸಿದಳು.

ಆರನೆಯ ದಿನವೂ ಹಾಗೇ. ಏಳನೆಯ ದಿನವೂ.

ನೇಕಾರನಿಗೆ ಮಗ್ಗ ಎಂದರೆ ದೇವರ ಗೂಡು. ತುಳಿಗೋಲಿನ ಹಗ್ಗ ನೆನೆದು ನಾರತೊಡಗಿತು. ಗಂಡ ಎರಡು ಸಲ ಹಗ್ಗ ಬದಲಾಯಿಸಿದರು, ಗುಂಡಿಯ ಮಣ್ಣು ಕೆರೆದು ಸಗಣಿ ಸಾರಿಸಿದರು. ಅತ್ತೆ ನನ್ನನ್ನು ನೋಡಿದರು, ಅಷ್ಟೆ. ನಾನು ಮಗಳಿಗೆ ಒಂದು ಏಟು ಕೊಟ್ಟೆ. ಅದರ ಫಲ, ಅವಳು ಆ ಇಡೀ ದಿನ ತಡೆದುಕೊಂಡು, ಮರುದಿನ ಹೊಟ್ಟೆ ಹಿಡಿದು ಅತ್ತಳು. ಹೊಡೆದರೆ ಮಗು ಕಲಿಯುವುದು ಬಿಗಿಹಿಡಿಯುವುದನ್ನು ಮಾತ್ರ.

ಆ ಸಂಜೆ ಗಂಡ ಹೇಳಿದ ಮಾತಿಗೆ ನಾನು ಇಂದಿಗೂ ಋಣಿ. ಅವರು ಮಾತು ಕಡಿಮೆಯ ಮನುಷ್ಯ. "ನೀನು ಅವಳನ್ನ ಆ ಗುಂಡಿಲಿ ಎರಡು ಸಲ ಇಳಿಸಿ, ಇಲ್ಲಿದ್ರೆ ಯಾರೂ ನಿನ್ನ ಹಿಡಿಯಾಕಿಲ್ಲ ಅಂದೆ. ಅವಳು ನಂಬವ್ಳೆ. ಭಯ ಆದಾಗ ಅಲ್ಲೇ ಹೋಯ್ತು, ಈಗ ಅಲ್ಲೇ ಹೋಗ್ತಾಳೆ. ಅವಳನ್ನ ಗುಂಡಿಯಿಂದ ಕೀಳಬೇಡ. ಗುಂಡಿನೇ ಹಿತ್ತಿಲಿಗೆ ತಕ್ಕೊಂಡು ಹೋಗು."

ಮರುದಿನ ಬೆಳಿಗ್ಗೆ ಅವರೇ ಹರಳು ಗಿಡದ ಮರೆಯಲ್ಲಿ ಒಂದು ಮೊಳದ ಗುಂಡಿ ತೋಡಿದರು. ಹಿಂದೆ ಕೂರಲು ಒಂದು ಹಲಗೆ, ಅದರ ನಡುವೆ ಉಳಿಯಿಂದ ಕೊರೆದ ಕಂಡಿ. ಮುಂದೆ ಪುಟ್ಟ ಕಾಲಿಗೆ ಸಿಗುವಂತೆ ಎರಡು ತುಳಿಗೋಲು, ಎರಡಕ್ಕೂ ಹಗ್ಗ, ಹಗ್ಗ ಮೇಲೊಂದು ಕೋಲಿಗೆ. ಒಂದನ್ನು ತುಳಿದರೆ ಇನ್ನೊಂದು ಏಳುತ್ತಿತ್ತು. ಕೆಳಗೆ ಬೂದಿ ಹರಡಿದೆವು. ದಿನವೂ ಬೂದಿ ಸಮೇತ ಎತ್ತಿ ತಿಪ್ಪೆಗೆ ಹಾಕಬಹುದಿತ್ತು. ಮಗಳು ಸೊಂಟಕ್ಕೆ ಕೈ ಕೊಟ್ಟು ನಿಂತು ಎಲ್ಲವನ್ನೂ ನೋಡಿದಳು.

"ಇದು ಯಾರ್ದು?"

"ನಿಂದು. ಅಪ್ಪಂದು ಒಳಗೆ, ನಿಂದು ಹೊರಗೆ," ಎಂದರು ಅವಳಪ್ಪ.

ಕೂತಳು. ತುಳಿದಳು. ಎಡ, ಬಲ, ಎಡ, ಬಲ. ಹತ್ತು ಸಲ ತುಳಿಯುವಷ್ಟರಲ್ಲಿ ಕೆಲಸ ಆಗಿತ್ತು. ಕಾಲು ಆಡಿದರೆ ಹೊಟ್ಟೆ ಸಡಿಲವಾಗುತ್ತದೆಂದು ನಾನು ಆಮೇಲೆ ಎಷ್ಟೋ ಜನಕ್ಕೆ ಹೇಳಿದ್ದೇನೆ. ನನಗೆ ಹೇಳಿಕೊಟ್ಟದ್ದು ಆ ಮಗು. ಮೂರು ದಿನದಲ್ಲಿ ಅವಳು ತಾನಾಗಿಯೇ ಬಂದು ಸೆರಗೆಳೆದು, "ನೇಯ್ಯಕ್ಕೆ ಹೋಗ್ಬೇಕು" ಎನ್ನತೊಡಗಿದಳು. ಎದುರುಮನೆಯವಳು ಬಂದು ನೋಡಿ, "ನಿಮ್ಮ ಮನೇಲಿ ದಿನಕ್ಕೆ ಎಷ್ಟು ಸೀರೆ ಇಳಿಯುತ್ತೆ ಅಕ್ಕಾ?" ಎಂದು ಕೇಳಿದಳು. "ಎರಡು. ಒಂದನ್ನ ನಿನಗೇ ಕೊಡ್ತೀನಿ, ಬಾ," ಎಂದೆ.

ಹುಣ್ಣಿಮೆ ಬಂತು. ಅಮ್ಮೆ ಕುತ್ತುವವರು ಪಕ್ಕದ ಬೀದಿಯಲ್ಲಿದ್ದಾರೆ, ನಾಳೆ ನಮ್ಮಲ್ಲಿಗೆ ಎಂಬ ಸುದ್ದಿಯೂ ಬಂತು. ಅದೇ ದಿನ ಮಗಳು ಯಾರದೋ ಮನೆಯಲ್ಲಿ ಕಾಯಿ ಸೀಬೆ ತಿಂದು ಬಂದಳು. ಮರುದಿನ ಬೆಳಿಗ್ಗೆ ಹೊಟ್ಟೆ ಕೆಟ್ಟಿತು. ಹಿತ್ತಿಲ ಮಗ್ಗಕ್ಕೆಂದು ಓಡಿದಳು, ಪಾಪ, ಅರ್ಧ ದಾರಿಯಲ್ಲಿ, ಅತ್ತೆ ಮಗ್ಗದ ಹಾಸುನೂಲಿಗೆ ಹಚ್ಚಲು ಗಂಜಿ ಆರಿಸಿಟ್ಟಿದ್ದ ಜಾಗದ ಪಕ್ಕವೇ ಆಗಿಹೋಯಿತು.

ಅತ್ತೆ ಗಂಜಿ ಮಡಕೆಯನ್ನೆತ್ತಿ ತಿಪ್ಪೆಗೆ ಸುರಿದು ಬಂದರು. "ಮಾತು ಮಾತೇ ಅಮ್ಮಣಿ. ಈ ಸಲ ಬೇಡ. ಮುಂದಿನ ಸಲ ನೋಡೋಣ."

ನನ್ನ ಬಾಯಲ್ಲಿ ಉತ್ತರಗಳಿಗೆ ಬರವಿರಲಿಲ್ಲ. ಏಳು ದಿನ ಸರಿಯಾಗಿ ಹೋಗಿದ್ದಾಳೆ, ಒಂದು ದಿನ ತಪ್ಪಿದರೆ ಏಳಕ್ಕೆ ಒಂದು ಕಳೆಯಿರಿ ಎನ್ನಬಹುದಿತ್ತು. ಇದು ಸೀಬೆಯ ತಪ್ಪು, ಮಗುವಿನದಲ್ಲ ಎನ್ನಬಹುದಿತ್ತು. ಅಷ್ಟರಲ್ಲಿ ಎದುರುಮನೆಯಲ್ಲಿ ಸದ್ದಾಯಿತು. ಆ ಮನೆಯ ಮೈದುನ ಸಿಂಗಾನಲ್ಲೂರಿನ ಮಿಲ್ಲಿನಿಂದ ಬೆಳಗಿನ ಬಸ್ಸಿಗೆ ಬಂದಿಳಿದಿದ್ದ; ಕಂಬಳಿ ಹೊದ್ದು, ಅಣ್ಣನ ಭುಜ ಹಿಡಿದು ಮೆಟ್ಟಿಲು ಹತ್ತುತ್ತಿದ್ದ. ಮೈ ಸುಡುತ್ತಿದೆಯೆಂದು ಆ ಮನೆಯವಳು ಹೇಳುವುದು ಇಲ್ಲಿಗೆ ಕೇಳಿತು.

ನಾನು ಚೌಕಾಸಿ ಬಿಟ್ಟೆ. ಕೆಳಗೆ ಕೂತು ಅತ್ತೆಗೆ ಎಲ್ಲವನ್ನೂ ಹೇಳಿದೆ. "ಹೋದ ವರ್ಷ ಅವಳನ್ನ ಅಡಗಿಸಿದ್ದು ನಾನು ಅತ್ತೆ. ಅಮ್ಮನ ಭಯಕ್ಕಲ್ಲ, ನಿಮ್ಮ ಮೇಲಿನ ಮರ್ಯಾದೆಗೂ ಅಲ್ಲ. ದೀಪಾವಳಿ ಸೀರೆ ನಿಂತುಹೋಗುತ್ತೆ ಅಂತ. ನಿಮ್ಮ ಹೆಸರು ಹೇಳಿ ನನ್ನ ಕೆಲಸ ಮಾಡ್ಕೊಂಡೆ. ಇವತ್ತು ಎದುರುಮನೆಗೆ ಬಂದದ್ದು ನಾಳೆ ನಮ್ಮನೆಗೆ ಬಂದ್ರೆ, ಅದನ್ನ ನಿಮ್ಮ ತಲೆಗೆ ಕಟ್ಟೋಕೆ ನನ್ನಿಂದಾಗಲ್ಲ."

ಅತ್ತೆ ಗೋಡೆಗೊರಗಿ ಕೂತರು. ಅವರಿಗೆ ಐದು ಮಕ್ಕಳು ಹುಟ್ಟಿ ನನ್ನ ಗಂಡ ಒಬ್ಬರು ಉಳಿದರೆಂದು ನನಗೆ ಗೊತ್ತಿತ್ತು. ಹೇಗೆ ಹೋದರೆಂದು ಯಾರೂ ಹೇಳಿರಲಿಲ್ಲ.

"ಇಬ್ಬರು ಒಂದೇ ವಾರದಲ್ಲಿ ಹೋದ್ರು," ಎಂದರು. "ಅಮ್ಮ ಬಂದವ್ಳೆ ಅಂತ ದೀಪ ಹಚ್ಚಿ ಕೂತಿದ್ದೆ. ಅವಳನ್ನ ಕರೆಯೋದು ಅಂದ್ರೆ ಕೈ ಬರಾಕಿಲ್ಲ ನಂಗೆ. ಮಗು ಕಲೀಲಿ ಅಂದಿದ್ದು ಸುದ್ದಕ್ಕಲ್ಲ ಅಮ್ಮಣಿ. ಎರಡೂವರೆ ವರ್ಷದ್ದು ಹದಿನೈದು ದಿನದಲ್ಲಿ ಎಲ್ಲಿ ಕಲೀತದೆ, ಹಂಗೇ ತಳ್ಕೊಂಡು ಹೋಗಾಣ ಅಂತ. ನೀನು ಮಗ್ಗ ತೋಡಿಸಿ ಕಲಿಸಿಬಿಟ್ಟೆ."

ಹೇಳಿ ಎದ್ದರು. ಮಗಳ ಕಾಲು ತೊಳೆದು, ಒಗೆದ ಲಂಗ ಉಡಿಸಿ, ಸೊಂಟದ ಮೇಲೆ ಕೂರಿಸಿಕೊಂಡು ತಾವೇ ಬೀದಿಗೆ ಇಳಿದರು. ನಾನು ಮಗನನ್ನು ಎತ್ತಿಕೊಂಡು ಹಿಂದೆ ಹೋದೆ.

ಅಮ್ಮೆ ಕುತ್ತುವವರು ಬೇವಿನ ಮರದ ನೆರಳಲ್ಲಿ ಪೆಟ್ಟಿಗೆ ಬಿಚ್ಚಿದ್ದರು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಸಣ್ಣ ಗಾಜಿನ ಕೊಳವೆಗಳು, ಸ್ಪಿರಿಟ್ ದೀಪ, ಚಪ್ಪಟೆ ತುದಿಯ ಸಲಾಕೆ. ತೋಳನ್ನು ಕುದಿಸಿ ಆರಿಸಿದ ನೀರಿನಿಂದ ಒರೆಸಿದರು. ಸಲಾಕೆಯನ್ನು ದೀಪಕ್ಕೆ ಹಿಡಿದು, ಗಾಳಿಯಲ್ಲಿ ಆರಿಸಿ, ಹಾಲಿನಂತಹ ಮದ್ದನ್ನು ನಾಲ್ಕು ಕಡೆ ಚುಕ್ಕೆಯಿಟ್ಟು, ಆ ಚುಕ್ಕೆಗಳ ಮೇಲೆ ಗೀರಿದರು. ರಕ್ತ ಬರಬಾರದು, ಕೆಂಪಾಗಬೇಕು ಅಷ್ಟೆ. ಮಗಳು ನಡುವೆ ಒಮ್ಮೆ, "ನೇಯ್ಯಕ್ಕೆ ಹೋಗ್ಬೇಕು" ಎಂದಳು. ಅವರಿಗೆ ಅರ್ಥವಾಗಲಿಲ್ಲ. ಅತ್ತೆ ವಿವರಿಸಿದರು. ಆ ಮನುಷ್ಯ ಸಲಾಕೆ ಕೆಳಗಿಟ್ಟು ಕಾದರು. ಅವಳು ಹೋಗಿ ತುಳಿದು ಬಂದು ತೋಳು ಚಾಚಿದಳು. ಆಮೇಲೆ ಮಗನ ತೋಳಿಗೂ ನಾಲ್ಕು ಗೀರು ಹಾಕಿದರು.

"ಒಣಗುವವರೆಗೆ ಏನೂ ತಾಗಬಾರದು. ಒರೆಸಬಾರದು, ಬೂದಿ ಹಚ್ಚಬಾರದು. ಎಂಟನೆಯ ದಿನ ಬಂದು ನೋಡ್ತೀನಿ," ಎಂದು ಅವರು ಹೇಳಿದ್ದು ಇಷ್ಟೇ. ಅತ್ತೆ ಮಗಳ ಪಕ್ಕ ಬೀಸಣಿಗೆ ಹಿಡಿದು ಕಾವಲು ಕೂತರು. ನಾನು?

ಬರೆಯಲು ಇಷ್ಟವಿಲ್ಲ, ಆದರೂ ಬರೆಯುತ್ತೇನೆ. ಬೊಕ್ಕೆ ಏಳುವ ಮುಂಚೆ, ಅಂದರೆ ಅಮ್ಮ ಬರುವ ಮುಂಚೆ, ಇನ್ನೂ ಎರಡು ದಿನವಿದೆ. ಅಷ್ಟರಲ್ಲಿ ಪೊಳ್ಳಾಚಿಯ ಒಂದು ಮದುವೆಮನೆಗೆ ಸೀರೆ ಆರಿಸಿ ಕಳಿಸಿಬಿಡೋಣ ಎಂದು ಒಳಗೆ ಹೋಗಿ ಗಂಟು ಬಿಚ್ಚಿದೆ. ಮಗ ನನ್ನ ಮಡಿಲಲ್ಲೇ ಇದ್ದ. ಹೊಸ ನೆಗಮದ ಸೀರೆಗೆ ಗಂಜಿ ಗಟ್ಟಿಯಾಗಿರುತ್ತದೆ, ಅಂಚು ಓಲೆಯಂತೆ ಚುಚ್ಚುತ್ತದೆ. ಒಂದೊಂದಾಗಿ ಮಡಿಲ ಮೇಲೆ ಹರಡಿ ಮಡಿಸಿದೆ. ಅವನು ಇನ್ನೂ ಒಣಗದ ತೋಳಿನಲ್ಲೇ ಅವುಗಳ ಮೇಲೆ ಹೊರಳಾಡಿದ.

ಎಂಟನೆಯ ದಿನ ಮಗಳ ತೋಳಿನಲ್ಲಿ ನಾಲ್ಕು ಬೊಕ್ಕೆಗಳು ಮುತ್ತಿನಂತೆ ಎದ್ದಿದ್ದವು. ಜ್ವರ ಎರಡು ದಿನ ಇತ್ತು. ಜ್ವರದಲ್ಲೂ ಅವಳು ಬೇವಿನ ಎಸಳು ಹಿಡಿದು ತನ್ನ ಮಗ್ಗಕ್ಕೆ ನಡೆದೇ ಹೋದಳು, ಮನೆ ಒಮ್ಮೆಯೂ ಮೈಲಿಗೆಯಾಗಲಿಲ್ಲ. ಮಗನ ತೋಳಿನಲ್ಲಿ ನಾಲ್ಕು ಒಣ ಗೀರು, ಬೆಕ್ಕು ಪರಚಿದಂತೆ.

"ಮದ್ದು ಹತ್ತಿಲ್ಲ," ಎಂದರು ಅವರು. "ಯಾರು ಒರೆಸಿದ್ದು?" ಅವರ ಕಣ್ಣು ಅತ್ತೆಯ ಮೇಲಿತ್ತು.

"ನಾನು," ಎಂದೆ. ಸೀರೆಯ ವಿಷಯ ಹೇಳಿದೆ.

ಅವರು ಎದುರುಮನೆಯ ಕಡೆ ನೋಡಿದರು. ಆ ಹುಡುಗನ ಮೈತುಂಬ ಎದ್ದಿತ್ತು, ಬಾಗಿಲಲ್ಲಿ ಬೇವು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಇನ್ನೊಂದು ಕೊಳವೆ ಒಡೆದು, "ಇನ್ನು ಇದು ಓಟದ ಪಂದ್ಯ ಅಮ್ಮಾ. ಅದು ಮೊದಲು ಬಂದರೂ ಬಂತು, ಇದು ಮೊದಲು ಹತ್ತಿದರೂ ಹತ್ತಿತು," ಎಂದು ಇನ್ನೊಂದು ತೋಳಿಗೆ ಗೀರಿದರು. ಆ ದಿನ ಮಗನನ್ನು ಬರಿಮೈಯಲ್ಲಿ ಅತ್ತೆಯ ತೊಡೆಯ ಮೇಲೆ ಮಲಗಿಸಿದೆವು. ಅತ್ತೆ ಅವನ ಎರಡೂ ಕೈ ಹಿಡಿದು, ಒಣಗಿ ಗಟ್ಟಿಯಾಗುವವರೆಗೂ, ತಮಗೆ ಬರುತ್ತಿದ್ದ ಎಲ್ಲ ಹಾಡನ್ನೂ ಎರಡೆರಡು ಸಲ ಹೇಳಿದರು.

ಆ ಎಂಟು ದಿನ ಬಾಗಿಲು ಮುಚ್ಚಿ ಕೂತೆವು. ದಿನಕ್ಕೆ ಹತ್ತು ಸಲ ಅವನ ಹಣೆ ಮುಟ್ಟಿದೆ, ಪಾದ ನೋಡಿದೆ, ಬಾಯಿ ತೆರೆಸಿ ನೋಡಿದೆ. ಬೀದಿಯಲ್ಲಿ ಎರಡು ಮನೆಗಳಿಂದ ಮಕ್ಕಳು ಹೋದವು. ಯಾವ ಮನೆಗಳೆಂದು ಬರೆಯುವುದಿಲ್ಲ. ಅವರೂ ನನ್ನಂತೆಯೇ ಗುಂಡಿಯಲ್ಲಿ ಅಡಗಿಸಿದ್ದವರು. ಐದನೆಯ ದಿನ ಮಗನಿಗೆ ಮೈ ಬಿಸಿಯಾಯಿತು. ಯಾವುದು ಮೊದಲು ಬಂದದ್ದು ಎಂದು ಹೇಳಬಲ್ಲವರು ಮನೆಯಲ್ಲಿ ಯಾರೂ ಇರಲಿಲ್ಲ. ಗಂಡ ಬಟ್ಟೆ ಹೊದಿಸಿದ ಮಗ್ಗದ ಮುಂದೆ ಸುಮ್ಮನೆ ಹೋಗಿ ಕೂತರು.

ಎಂಟನೆಯ ದಿನ ಅಮ್ಮೆ ಕುತ್ತುವವರು ಬಂದಾಗ ನಾನು ಅವನ ತೋಳಿನ ಬಟ್ಟೆ ತೆಗೆಯಲಾರದೆ ನಿಂತೆ. ಅವರೇ ತೆಗೆದರು. ಬಗ್ಗಿ, ಹೆಬ್ಬೆರಳಿನಿಂದ ಸುತ್ತಲೂ ಮೆಲ್ಲಗೆ ಒತ್ತಿ ನೋಡಿದರು. ಮೈಯನ್ನೆಲ್ಲಾ ತಿರುಗಿಸಿ ನೋಡಿದರು. ಬೇರೆಲ್ಲೂ ಏನೂ ಇರಲಿಲ್ಲ.

"ನಾಲ್ಕೂ ಹತ್ತಿದೆ. ಜ್ವರ ಇದರದೇ," ಎಂದರು.

ಅವರ ಹೆಸರನ್ನು ನಾನು ಯಾವತ್ತೂ ಕೇಳಲಿಲ್ಲ. ಸುಳ್ಳು ಹೇಳಿ ಕಳಿಸಿದ ಮನೆಗೆ ಆ ಬೇಸಿಗೆಯ ಬಿಸಿಲಲ್ಲಿ ಸೈಕಲ್ಲು ತುಳಿದು ನಾಲ್ಕು ಸಲ ಬಂದ ಮನುಷ್ಯ. ಕೊಡಲು ಏನಾದರೂ ತರೋಣವೆಂದರೆ, ಅಮ್ಮ ಇರುವ ಮನೆಯಿಂದ ಏನನ್ನೂ ಹೊರಗೆ ಕೊಡುವಂತಿರಲಿಲ್ಲ. ಕೈ ಮುಗಿದೆ. ಅವರು ಪೆಟ್ಟಿಗೆ ಮುಚ್ಚತೊಡಗಿದರು.

"ಇರಿ ಸಾಮಿ," ಎಂದರು ಅತ್ತೆ. ಸೆರಗು ಸರಿಸಿ, ಸುಕ್ಕುಗಟ್ಟಿದ ಬಲತೋಳನ್ನು ಅವರ ಮುಂದೆ ಚಾಚಿದರು. "ನಂಗೆ ಯಾರೂ ಕುತ್ತಿಲ್ಲ. ಅಮ್ಮನೂ ಬಂದಿಲ್ಲ. ಈ ವಯಸ್ಸಿಗೆ ಹತ್ತುತ್ತಾ ಇದು?"

"ಹತ್ತುತ್ತೆ ಪಾಟಿ."

"ಹಂಗಾದ್ರೆ ಹಾಕಿ. ಈ ಕೂಸುಗಳನ್ನ ದಿನವೆಲ್ಲಾ ಎತ್ಕೊಂಡಿರೋಳು ನಾನು." ಅವರು ದೀಪ ಹಚ್ಚುವಾಗ ಅತ್ತೆ ನನ್ನ ಕಡೆ ತಿರುಗಿದರು. "ಒಣಗೋವರೆಗೂ ಕೈ ಆಡಿಸಬಾರ್ದಂತೆ. ಇವತ್ತು ಅಡುಗೆ ನಿಂದು ಅಮ್ಮಣಿ."

ಅತ್ತೆಗೆ ಬೊಕ್ಕೆ ಎದ್ದರೆ ಬಾಗಿಲ ಬೇವು ಹೊಸದಾಗಿ ಕಟ್ಟಬೇಕು. ಮಗ್ಗದ ಮೇಲಿನ ಬಟ್ಟೆ ಇನ್ನಷ್ಟು ದಿನ ಹಾಗೇ ಇರಬೇಕು, ಗಂಟು ಬಿಚ್ಚುವಂತಿಲ್ಲ, ಪೊಳ್ಳಾಚಿಯ ಮದುವೆಮನೆಯವರು ಬೇರೆ ಕಡೆ ಕೊಳ್ಳುತ್ತಾರೆ. ಅದೆಲ್ಲವೂ ನನ್ನ ತಲೆಯಲ್ಲಿ ಒಮ್ಮೆ ಹಾದು ಹೋಯಿತು. ನಾನು ಒಳಗೆ ಹೋಗಿ ಒಲೆ ಹಚ್ಚಿ, ಒಗ್ಗರಣೆಯಿಲ್ಲದ ಸಾರಿಗೆ ಬೇಳೆ ಇಟ್ಟೆ.